ಕೂಸಿನ ಹೃದಯಕ್ಕೆ ರಕ್ತ ಒಯ್ಯುವ ಧಮನಿ ತಪ್ಪು ಜಾಗದಿಂದ ಹುಟ್ಟಿದ್ದರೆ: ಪತ್ತೆಯಿಂದ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯವರೆಗೆ

ಎರಡು ಮೂರು ತಿಂಗಳ ಕೂಸಿನ ಎಕೋ ಪರೀಕ್ಷೆ ಮಾಡಿದ ವೈದ್ಯರು "ಹೃದಯ ದೊಡ್ಡದಾಗಿದೆ, ಸ್ನಾಯುವಿಗೆ ಶಕ್ತಿ ಇಲ್ಲ" ಎಂದು ಹೇಳಿದಾಗ ಮನೆಯವರಿಗೆ ದಿಕ್ಕೇ ತೋಚದಂತಾಗುತ್ತದೆ. ಸ್ನಾಯುವಿನ ರೋಗವಾದರೆ ಔಷಧ ಕೊಟ್ಟು ಕಾಯಬೇಕೇ ಹೊರತು ಬೇರೆ ದಾರಿ ಕಡಿಮೆ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಆದರೆ ಇಂಥ ಕೂಸುಗಳಲ್ಲಿ ಕೆಲವಕ್ಕೆ ಸ್ನಾಯುವಿನ ಮೂಲರೋಗವೇ ಇರುವುದಿಲ್ಲ. ಆ ಸ್ನಾಯುವಿಗೆ ರಕ್ತ ಒಯ್ಯಬೇಕಾದ ಎಡ ಕರೋನರಿ ಧಮನಿ ತಪ್ಪು ಜಾಗದಿಂದ ಹುಟ್ಟಿರುತ್ತದೆ, ಮತ್ತು ಅದನ್ನು ಶಸ್ತ್ರಚಿಕಿತ್ಸೆಯಿಂದ ಸರಿಯಾದ ಜಾಗಕ್ಕೆ ಜೋಡಿಸಿದರೆ ಸೋತುಹೋದಂತೆ ಕಾಣುತ್ತಿದ್ದ ಹೃದಯ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಎಡ ಕರೋನರಿ ಎಲ್ಲಿಂದ ಹೊರಟಿದೆ ಎಂಬುದನ್ನು ಸ್ಪಷ್ಟವಾಗಿ ನೋಡುವವರೆಗೆ ಹಸುಗೂಸಿನ "ದುರ್ಬಲ ಹೃದಯ" ಎಂಬ ತೀರ್ಮಾನವನ್ನು ಕೊನೆಯದೆಂದು ಒಪ್ಪಿಕೊಳ್ಳಬೇಡಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ತಾಯಿತಂದೆಯರು, ಅವರ ಜೊತೆ ನಿಲ್ಲುವ ಅಜ್ಜ ಅಜ್ಜಿಯರು ಮತ್ತು ಆಶಾ ಕಾರ್ಯಕರ್ತೆಯರು ಈ ದಾರಿಯನ್ನು ಹಂತ ಹಂತವಾಗಿ ಹೇಗೆ ಸಾಗಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲು ದೋಷವನ್ನು ಅರ್ಥಮಾಡಿಕೊಳ್ಳಿ

ಹೃದಯ ಇಡೀ ದೇಹಕ್ಕೆ ರಕ್ತ ಕಳಿಸುತ್ತದೆ, ಆದರೆ ತನ್ನ ಸ್ನಾಯುವಿಗೆ ಬೇಕಾದ ರಕ್ತವನ್ನು ಎರಡು ಸಣ್ಣ ಕರೋನರಿ ಧಮನಿಗಳ ಮೂಲಕ ಪಡೆಯುತ್ತದೆ. ಇವೆರಡೂ ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮುಖ್ಯ ಧಮನಿಯಾದ ಮಹಾಪಧಮನಿಯ ಬುಡದಿಂದ ಹೊರಡಬೇಕು. ಅಪರೂಪಕ್ಕೆ ಎಡ ಕರೋನರಿ ಮಹಾಪಧಮನಿಯ ಬದಲು ಪಕ್ಕದಲ್ಲೇ ಇರುವ ಶ್ವಾಸಕೋಶದ ಧಮನಿಯಿಂದ ಹುಟ್ಟುತ್ತದೆ. ವೈದ್ಯರು ಇದನ್ನು "ಅಲ್ಕಾಪಾ" (ALCAPA) ಎಂದು ಕರೆಯುತ್ತಾರೆ. ಸುಮಾರು ಮೂರು ಲಕ್ಷ ಜನನಗಳಲ್ಲಿ ಒಂದು ಕೂಸಿಗೆ ಹೀಗಾಗುತ್ತದೆ ಎಂಬುದು ವೈದ್ಯಕೀಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂದಾಜು. ಅಮೆರಿಕದ ಬ್ಲ್ಯಾಂಡ್, ವೈಟ್ ಮತ್ತು ಗಾರ್ಲಂಡ್ ಎಂಬ ವೈದ್ಯರು 1933ರಲ್ಲಿ ಮೂರು ತಿಂಗಳ ಒಂದು ಕೂಸಿನ ಲಕ್ಷಣಗಳನ್ನು ವಿವರವಾಗಿ ಬರೆದುದರಿಂದ ಅವರ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಹಾಲು ಕುಡಿಯುವಾಗ ಕೂಸು ಬಿಳಿಚಿಕೊಂಡು, ಬೆವತು, ನೋವಿನಿಂದ ನರಳುವುದನ್ನು ಅವರು ದಾಖಲಿಸಿದ್ದರು, ಮತ್ತು ಇಂದಿಗೂ ಈ ರೋಗದ ಮುಖ್ಯ ಸುಳಿವು ಅದೇ ಆಗಿದೆ.

ಹುಟ್ಟಿದ ಕೂಡಲೇ ಕೂಸಿಗೆ ಏನೂ ಆಗದಿರುವುದು ಏಕೆ ಎಂಬ ಪ್ರಶ್ನೆ ಎಲ್ಲ ತಾಯಂದಿರನ್ನೂ ಕಾಡುತ್ತದೆ. ಹೆರಿಗೆಯ ಹೊತ್ತಿಗೆ ಶ್ವಾಸಕೋಶದ ಧಮನಿಯ ಒತ್ತಡ ಹೆಚ್ಚಾಗಿರುತ್ತದೆ, ಹಾಗಾಗಿ ತಪ್ಪು ಜಾಗದಿಂದ ಹೊರಟ ಎಡ ಕರೋನರಿಗೂ ಅಷ್ಟಿಷ್ಟು ರಕ್ತ ನುಗ್ಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಆ ಒತ್ತಡ ಸಹಜವಾಗಿ ಇಳಿಯುತ್ತದೆ. ಆಗ ನವಲಗುಂದ, ನರಗುಂದದ ಒಕ್ಕಲಿಗರು ಬಲ್ಲ ಸಂಗತಿಯೇ ಇಲ್ಲೂ ನಡೆಯುತ್ತದೆ: ಕಾಲುವೆಯ ಮಟ್ಟ ಹೊಲದ ಮಟ್ಟಕ್ಕಿಂತ ಕೆಳಗಿಳಿದರೆ ನೀರು ಹೊಲಕ್ಕೆ ಹರಿಯುವುದಿಲ್ಲ, ಹೊಲದಲ್ಲಿ ನಿಂತ ನೀರೇ ತಿರುಗಿ ಕಾಲುವೆ ಸೇರುತ್ತದೆ. ಬಲ ಕರೋನರಿಯಿಂದ ಸಣ್ಣ ಕೂಡುನಾಳಗಳ ಮೂಲಕ ಎಡಭಾಗಕ್ಕೆ ಬಂದ ರಕ್ತ ಸ್ನಾಯುವಿಗೆ ದಕ್ಕುವ ಮೊದಲೇ ಹಿಮ್ಮುಖವಾಗಿ ಶ್ವಾಸಕೋಶದ ಧಮನಿಗೆ ಇಳಿದುಹೋಗುತ್ತದೆ. ಈ ಹಿಮ್ಮುಖ ಹರಿವನ್ನು 1960ರಲ್ಲಿ ಸಬಿಸ್ಟನ್, ನೀಲ್ ಮತ್ತು ಟಾಸಿಗ್ ಸ್ಪಷ್ಟವಾಗಿ ತೋರಿಸಿಕೊಟ್ಟರು. ದೇಹಕ್ಕೆ ರಕ್ತ ತಳ್ಳುವ ಎಡ ಕೆಳಕೋಣೆ, ಅಂದರೆ ಎಡ ಹೃತ್ಕುಕ್ಷಿ, ರಕ್ತವಿಲ್ಲದೆ ಹಿಗ್ಗುತ್ತದೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟವನ್ನು ಹಿಡಿದಿರುವ ಸಣ್ಣ ಸ್ನಾಯುಗಳು ಬಳಲಿ ಕವಾಟ ಸೋರತೊಡಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಹತ್ತರಲ್ಲಿ ಒಂಬತ್ತರಷ್ಟು ಕೂಸುಗಳು ಮೊದಲ ವರ್ಷವನ್ನು ದಾಟುವುದಿಲ್ಲ. ಆದರೆ ಆ ಸ್ನಾಯುವಿನ ಬಹುಭಾಗ ಸತ್ತಿರುವುದಿಲ್ಲ. ರಕ್ತ ಸಾಲದೆ ಕೆಲಸ ನಿಲ್ಲಿಸಿರುತ್ತದೆ ಅಷ್ಟೆ. ಶಸ್ತ್ರಚಿಕಿತ್ಸೆಯ ಭರವಸೆ ನಿಂತಿರುವುದು ಈ ಸಂಗತಿಯ ಮೇಲೆ.

ಕರೋನರಿಗಳ ಹುಟ್ಟುದೋಷಗಳು ಬೇರೆಯೂ ಇವೆ. ಬಲ ಕರೋನರಿ ಶ್ವಾಸಕೋಶದ ಧಮನಿಯಿಂದ ಹುಟ್ಟಬಹುದು, ಇದರ ಲಕ್ಷಣಗಳು ಸಾಮಾನ್ಯವಾಗಿ ತಡವಾಗಿ ಕಾಣುತ್ತವೆ. ಕರೋನರಿಯಿಂದ ಹೃದಯದ ಕೋಣೆಗೆ ನೇರ ಸುರಂಗದಂತಹ ಫಿಸ್ಟುಲಾ ಇರಬಹುದು, ಇದನ್ನು ಹಲವು ಬಾರಿ ಎದೆ ತೆರೆಯದೆ, ರಕ್ತನಾಳದೊಳಗೆ ತೂರಿಸುವ ತೆಳು ನಳಿಗೆಯಾದ ಕ್ಯಾಥೆಟರ್ ಮೂಲಕವೇ ಮುಚ್ಚಬಹುದು. ಮಹಾಪಧಮನಿಯ ತಪ್ಪು ಭಾಗದಿಂದ ಹೊರಟು ಅದರ ಗೋಡೆಯೊಳಗೇ ಸಾಗುವ ಕರೋನರಿ ಹೆಚ್ಚಾಗಿ ದೊಡ್ಡ ಮಕ್ಕಳಲ್ಲಿ, ಆಟದ ಮೈದಾನದಲ್ಲಿ ಎಚ್ಚರ ತಪ್ಪಿದಾಗ ಬೆಳಕಿಗೆ ಬರುತ್ತದೆ. ಹಸುಗೂಸಿನಲ್ಲಿ ತುರ್ತಾಗಿ ಶಸ್ತ್ರಚಿಕಿತ್ಸೆ ಬೇಡುವುದು ಮುಖ್ಯವಾಗಿ ಅಲ್ಕಾಪಾ, ಆದ್ದರಿಂದ ಮುಂದಿನ ಮಾತೆಲ್ಲ ಅದರ ಕುರಿತೇ ಇದೆ.

ಮನೆಯಲ್ಲಿ ಹಾಲುಣಿಸುವಾಗ ನೋಡಿ

ಸಾಮಾನ್ಯವಾಗಿ ಆರನೆಯ ವಾರದಿಂದ ಮೂರು ನಾಲ್ಕು ತಿಂಗಳೊಳಗೆ ಲಕ್ಷಣಗಳು ಶುರುವಾಗುತ್ತವೆ. ಬಾಣಂತಿ ಇನ್ನೂ ತವರಿನಲ್ಲೇ ಇರುವ ಕಾಲ ಇದು. ಕೂಸು ಹಸಿದು ಮೊಲೆಗೆ ಬಾಯಿ ಹಚ್ಚುತ್ತದೆ, ನಾಲ್ಕೈದು ಗುಟುಕು ಎಳೆಯುತ್ತದೆ, ತಟ್ಟನೆ ಬಿಟ್ಟು ಚೀರುತ್ತದೆ. ಹಣೆಯ ಮೇಲೆ, ಮೇಲ್ದುಟಿಯ ಮೇಲೆ ತಣ್ಣನೆಯ ಬೆವರು ಒಡೆಯುತ್ತದೆ, ಮುಖ ಬೂದಿಬಣ್ಣಕ್ಕೆ ತಿರುಗುತ್ತದೆ. ತುಸು ಹೊತ್ತು ಸುಧಾರಿಸಿಕೊಂಡು ಮತ್ತೆ ಕುಡಿಯಲು ಹೋಗುತ್ತದೆ, ಮತ್ತೆ ಬಿಡುತ್ತದೆ. ಹಾಲು ಕುಡಿಯುವುದು ಕೂಸಿನ ಪಾಲಿಗೆ ದಿನದ ಅತಿ ದೊಡ್ಡ ಶ್ರಮ, ಮತ್ತು ದೊಡ್ಡವರಿಗೆ ಏರು ಹತ್ತುವಾಗ ಬರುವ ಎದೆನೋವು ಕೂಸಿಗೆ ಆ ಹೊತ್ತಿನಲ್ಲಿ ಬರುತ್ತದೆ.

ಇದನ್ನು ಹೊಟ್ಟೆನೋವೆಂದು ತಿಳಿದು ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಕೊಡುವುದು, ದೃಷ್ಟಿ ತಾಗಿದೆ ಎಂದು ನಿವಾಳಿಸುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಹಿರಿಯರ ಕಳಕಳಿಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ನಿವಾಳಿಸುವುದಿದ್ದರೆ ನಿವಾಳಿಸಲಿ, ಆದರೆ ಆಸ್ಪತ್ರೆಗೆ ಹೋಗುವುದು ಅದರಿಂದ ಒಂದು ದಿನವೂ ತಡವಾಗಬಾರದು. ಹೊಟ್ಟೆನೋವಿನ ಅಳುವಿಗೂ ಇದಕ್ಕೂ ವ್ಯತ್ಯಾಸವಿದೆ. ಹೊಟ್ಟೆನೋವಿನ ಕೂಸು ಸಾಮಾನ್ಯವಾಗಿ ಮುಖ ಕೆಂಪಗೆ ಮಾಡಿಕೊಂಡು ಸಂಜೆಯ ಹೊತ್ತು ಅಳುತ್ತದೆ, ತೂಕ ಮಾತ್ರ ಏರುತ್ತಲೇ ಇರುತ್ತದೆ. ಹೃದಯದ ತೊಂದರೆ ಇರುವ ಕೂಸು ಬಿಳಿಚಿಕೊಳ್ಳುತ್ತದೆ, ಬೆವರುತ್ತದೆ, ಅದರ ತೂಕ ನಿಂತುಹೋಗುತ್ತದೆ. ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಬರೆದ ತೂಕದ ಗೆರೆಯನ್ನು ತೆಗೆದು ನೋಡಿ.

ಕೂಸು ಮಲಗಿದ್ದಾಗ ಅಂಗಿ ಸರಿಸಿ, ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಎಳೆದುಕೊಳ್ಳುತ್ತಿದ್ದರೆ, ಕೂಸು ನರಳುತ್ತಿದ್ದರೆ, ಹಾಲು ಪೂರ್ತಿ ಬಿಟ್ಟಿದ್ದರೆ ಅದೇ ಗಳಿಗೆ 108ಕ್ಕೆ ಕರೆ ಮಾಡಿ. ಹಾಲುಣಿಸುವಾಗಿನ ಒಂದು ಸಣ್ಣ ವಿಡಿಯೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಏಕೆಂದರೆ ವೈದ್ಯರ ಮುಂದೆ ಕೂಸು ಆ ಹೊತ್ತಿಗೆ ಸುಮ್ಮನೆ ಮಲಗಿರಬಹುದು.

ಪರೀಕ್ಷೆಗಳು, ಮತ್ತು ಕೇಳಲೇಬೇಕಾದ ಪ್ರಶ್ನೆ

ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ, ಶ್ವಾಸಕೋಶದಲ್ಲಿ ನೀರು ತುಂಬಿದಂತೆ ಕಾಣಬಹುದು, ಮತ್ತು ಕೆಮ್ಮು ದಮ್ಮು ಜೊತೆಗಿದ್ದರೆ ನ್ಯುಮೋನಿಯಾ ಎಂದು ಚಿಕಿತ್ಸೆ ಆರಂಭವಾಗಬಹುದು. ಅದು ತಪ್ಪೆಂದು ಹೇಳುವಂತಿಲ್ಲ, ನ್ಯುಮೋನಿಯಾ ಸಾಮಾನ್ಯ, ಅಲ್ಕಾಪಾ ಅಪರೂಪ. ಆದರೆ ಚಿಕಿತ್ಸೆಗೆ ರೋಗ ಜಗ್ಗದಿದ್ದರೆ, ಅಥವಾ "ನ್ಯುಮೋನಿಯಾ" ಮತ್ತೆ ಮತ್ತೆ ಬರುತ್ತಿದ್ದರೆ ಇಸಿಜಿ ಮಾಡಿಸಲು ವಿನಂತಿಸಿ. ಇಸಿಜಿ ಕಡಿಮೆ ಖರ್ಚಿನ ಪರೀಕ್ಷೆ, ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಅಲ್ಕಾಪಾದಲ್ಲಿ ಹೃದಯದ ಎಡ-ಪಕ್ಕದ ಭಾಗವನ್ನು ತೋರಿಸುವ ಒಂದನೆಯ ಲೀಡ್, ಎವಿಎಲ್ ಮತ್ತು ಎದೆಯ ಎಡಬದಿಯ ಲೀಡ್‌ಗಳಲ್ಲಿ ಆಳವಾದ ಕ್ಯೂ ತರಂಗಗಳು ಹೆಚ್ಚಾಗಿ ಕಾಣಿಸುತ್ತವೆ. ದೊಡ್ಡವರಿಗೆ ಹೃದಯಾಘಾತವಾದಾಗ ಮೂಡುವ ಗುರುತೇ ಮೂರು ತಿಂಗಳ ಕೂಸಿನ ಕಾಗದದ ಮೇಲೆ ಮೂಡಿರುತ್ತದೆ.

ಮುಂದಿನದು ಎಕೋ. ಇದನ್ನು ಮಕ್ಕಳ ಹೃದಯತಜ್ಞರೇ ಮಾಡುವುದು ಒಳ್ಳೆಯದು. ಸಾಮಾನ್ಯ ಎಕೋದಲ್ಲಿ ಹಿಗ್ಗಿದ ಎಡ ಹೃತ್ಕುಕ್ಷಿ ಮತ್ತು ಸೋರುವ ಕವಾಟ ಕಂಡುಬಂದು, ವರದಿಯಲ್ಲಿ "ಡೈಲೇಟೆಡ್ ಕಾರ್ಡಿಯೋಮಯೋಪತಿ", ಅಂದರೆ ಹೃದಯ ಹಿಗ್ಗಿ ಸೋಲುವ ಸ್ನಾಯುರೋಗ, ಎಂದು ಬರೆದಿರುತ್ತದೆ. ಎಷ್ಟೋ ಕೂಸುಗಳ ಪಾಲಿಗೆ ಕಾಲ ಜಾರುವುದು ಇಲ್ಲೇ. ಆದ್ದರಿಂದ ವರದಿ ಕೈಗೆ ಬಂದಾಗ ಈ ಪ್ರಶ್ನೆಯನ್ನು ವಿನಯದಿಂದ, ಆದರೆ ಉತ್ತರ ಸಿಗುವವರೆಗೆ ಕೇಳಿ: "ಸರ್, ಎಡ ಕರೋನರಿ ಮಹಾಪಧಮನಿಯಿಂದಲೇ ಹುಟ್ಟಿದೆಯೇ? ಅದರೊಳಗೆ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ? ಬಲ ಕರೋನರಿ ಇರಬೇಕಾದುದಕ್ಕಿಂತ ದಪ್ಪಗಿದೆಯೇ?" ಎಡ ಕರೋನರಿ ಮಹಾಪಧಮನಿಯ ತೀರ ಪಕ್ಕದಲ್ಲೇ ಹಾದುಹೋಗುವುದರಿಂದ ಬರಿಯ ಚಿತ್ರದಲ್ಲಿ ಅದು ಅಲ್ಲಿಂದಲೇ ಹುಟ್ಟಿದಂತೆ ಭ್ರಮೆ ಹುಟ್ಟಿಸಬಹುದು. ಬಣ್ಣದ ಡಾಪ್ಲರ್‌ನಲ್ಲಿ ಹರಿವಿನ ದಿಕ್ಕು ನೋಡಿದಾಗ ನಿಜ ತಿಳಿಯುತ್ತದೆ. ಎಕೋದಲ್ಲಿ ಖಚಿತವಾಗದಿದ್ದರೆ ಸಿಟಿ ಆಂಜಿಯೋ ಮಾಡುತ್ತಾರೆ, ಕೆಲವೊಮ್ಮೆ ಕ್ಯಾಥೆಟರ್ ಪರೀಕ್ಷೆ ಬೇಕಾಗುತ್ತದೆ. ಇಂಥ ಪ್ರಶ್ನೆ ಕೇಳಿದರೆ ವೈದ್ಯರು ಬೇಸರಿಸಿಕೊಂಡಾರು ಎಂಬ ಅಂಜಿಕೆ ಬೇಡ. ಮಕ್ಕಳ ಹೃದಯತಜ್ಞರು ದುರ್ಬಲ ಹೃದಯದ ಪ್ರತಿ ಕೂಸಿನಲ್ಲೂ ಮೊದಲು ತಾವೇ ಕೇಳಿಕೊಳ್ಳುವ ಪ್ರಶ್ನೆ ಇದು.

ಊರಿನಿಂದ ಶಸ್ತ್ರಚಿಕಿತ್ಸಾ ಕೇಂದ್ರಕ್ಕೆ

ರೋಗ ಖಚಿತವಾದರೆ ಶಸ್ತ್ರಚಿಕಿತ್ಸೆಯೇ ಚಿಕಿತ್ಸೆ, ಮತ್ತು ಕೂಸು ದೊಡ್ಡದಾಗಲಿ ಎಂದು ಕಾಯುವಂತಿಲ್ಲ. ಕೂಸಿನ ಸ್ಥಿತಿಯನ್ನು ಔಷಧಗಳಿಂದ ಆದಷ್ಟು ಸ್ಥಿರಗೊಳಿಸಿ, ಬೇಗನೆ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ಆವರಣದ ಹೃದಯ ಕೇಂದ್ರ, ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ ಇವೆಲ್ಲ ಮೊದಲ ಪರೀಕ್ಷೆಗೋ ಸ್ಥಿರಗೊಳಿಸುವುದಕ್ಕೋ ನಿಮಗೆ ಹತ್ತಿರದ ಬಾಗಿಲುಗಳು. ಹಸುಗೂಸಿನ ಕರೋನರಿ ಮರುಜೋಡಣೆಗೆ ಮಾತ್ರ ಸಾಮಾನ್ಯವಾಗಿ ಬೆಂಗಳೂರಿನಂತಹ ಊರಿನ ದೊಡ್ಡ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆ, ಬೊಮ್ಮಸಂದ್ರದ ನಾರಾಯಣ, ಉಚಿತ ಚಿಕಿತ್ಸೆ ನೀಡುವ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಅಲ್ಲಿ ಹೆಸರಾದವು. ಯಾವುದಕ್ಕೆ ಹೋದರೂ ಕಟ್ಟಡದ ಹೆಸರಿಗಿಂತ ಮುಖ್ಯವಾದ ಮೂರು ಸಂಗತಿಗಳನ್ನು ವಿಚಾರಿಸಿ: ಈ ದೋಷಕ್ಕೆ ಹಸುಗೂಸುಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಅನುಭವ ತಂಡಕ್ಕಿದೆಯೇ, ಮಕ್ಕಳಿಗೆಂದೇ ಪ್ರತ್ಯೇಕ ಹೃದಯ ಐಸಿಯು ಇದೆಯೇ, ಹೃದಯ ತಕ್ಷಣಕ್ಕೆ ಕೆಲಸ ಮಾಡದಿದ್ದರೆ ಅದಕ್ಕೆ ಆಸರೆಯಾಗುವ ಎಕ್ಮೋ ಯಂತ್ರ ಇದೆಯೇ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 400 ಕಿಲೋಮೀಟರ್ ದಾರಿ. ಉಸಿರಾಟದ ತೊಂದರೆ ಇರುವ ಕೂಸನ್ನು ರಾತ್ರಿ ರೈಲಿನಲ್ಲೋ ಬಾಡಿಗೆ ಕಾರಿನಲ್ಲೋ ಮಡಿಲಲ್ಲಿ ಹಾಕಿಕೊಂಡು ಹೊರಡಬೇಡಿ. ಹಸುಗೂಸಿಗೆ ಹೊಂದುವ ಉಪಕರಣ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರುವ ಆಂಬುಲೆನ್ಸ್ ವ್ಯವಸ್ಥೆಗೆ ಕಳಿಸುವ ಆಸ್ಪತ್ರೆಯನ್ನೇ ಕೇಳಿ. ಹೊರಡುವ ಮೊದಲು ಕಳಿಸುವ ವೈದ್ಯರು ಬರಮಾಡಿಕೊಳ್ಳುವ ಹೃದಯತಜ್ಞರ ಜೊತೆ ಫೋನಿನಲ್ಲಿ ಮಾತಾಡಿರಬೇಕು, ಹಾಸಿಗೆ ಖಾಲಿ ಇದೆ ಎಂಬುದು ಖಚಿತವಾಗಿರಬೇಕು. ಈ ಮಾತುಕತೆಗೆ ಇನ್ನೊಂದು ಕಾರಣವೂ ಇದೆ. ಅಲ್ಕಾಪಾ ಇರುವ ಕೂಸಿಗೆ ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೆ ಶ್ವಾಸಕೋಶದ ಧಮನಿಯ ಒತ್ತಡ ಇನ್ನಷ್ಟು ಇಳಿದು ಹಿಮ್ಮುಖ ಹರಿವು ಹೆಚ್ಚಬಹುದು, ಡ್ರಿಪ್ ಹೆಚ್ಚಾದರೆ ಸೋತ ಹೃದಯದ ಮೇಲೆ ಭಾರ ಬೀಳುತ್ತದೆ. ಎಷ್ಟು ಕೊಡಬೇಕು ಎಂಬುದನ್ನು ವೈದ್ಯರು ಪರಸ್ಪರ ಮಾತಾಡಿ ನಿರ್ಧರಿಸುತ್ತಾರೆ, ತಾಯಿತಂದೆಯರು ತಾವಾಗಿ ಆಕ್ಸಿಜನ್ ಬೇಡವೆನ್ನಬಾರದು. ದಾರಿಯಲ್ಲಿ ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಸರ್ಕಾರಿ ಆಸ್ಪತ್ರೆಗಳಿವೆ ಎಂಬುದು ಜೊತೆಗಿರುವವರ ನೆನಪಿನಲ್ಲಿರಲಿ.

ಹಣ ಮತ್ತು ಕಾಗದಪತ್ರ

ಹೊಲ ಒತ್ತೆ ಇಡುವ, ಬಂಗಾರ ಮಾರುವ ಮೊದಲು ಎರಡು ಸರ್ಕಾರಿ ದಾರಿಗಳನ್ನು ವಿಚಾರಿಸಿ. ಮೊದಲನೆಯದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮಾಡುವ ಈ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಹೃದ್ರೋಗವೂ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ತಾಲ್ಲೂಕಿನ ತಂಡವನ್ನು ತಲುಪಬಹುದು. ಎರಡನೆಯದು 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಗರಿಷ್ಠ 1.5 ಲಕ್ಷದವರೆಗೆ, ಸರ್ಕಾರ ಭರಿಸುವಂತೆ ಯೋಜನೆ ರೂಪುಗೊಂಡಿದೆ. ತುರ್ತು ಪ್ರಸಂಗಗಳನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದನ್ನು ಪಡೆಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದ ಮೇಲೆ ಪತ್ರಕ್ಕಾಗಿ ಅಲೆಯುವುದು ತೀರ ಕಷ್ಟ.

ಎರಡು ತಿಂಗಳ ಕೂಸಿನ ಹೆಸರು ಪಡಿತರ ಚೀಟಿಗೆ ಇನ್ನೂ ಸೇರಿರುವುದಿಲ್ಲ. ಆದ್ದರಿಂದ ಜನನ ಪ್ರಮಾಣಪತ್ರವನ್ನು ಮೊದಲು ಮಾಡಿಸಿಕೊಳ್ಳಿ. ತಾಯಿ ಮತ್ತು ತಂದೆಯ ಆಧಾರ್, ಪಡಿತರ ಚೀಟಿ, ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇಸಿಜಿಯ ಮೂಲಪ್ರತಿ, ಎಕೋ ಮತ್ತು ಸಿಟಿಯ ವರದಿಯ ಜೊತೆಗೆ ಅವುಗಳ ಸಿಡಿ, ಇವಿಷ್ಟನ್ನೂ ಒಂದೇ ಫೈಲಿನಲ್ಲಿಟ್ಟು, ಪ್ರತಿಯೊಂದರ ಫೋಟೊವನ್ನು ಮನೆಯ ಇಬ್ಬರ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಅದರ ಕೆಲಸಕ್ಕೆ ನೆರವಾಗುವ ಆರೋಗ್ಯ ಮಿತ್ರರು ಇರುತ್ತಾರೆ, ದಾಖಲಾದ ದಿನವೇ ಅವರನ್ನು ಕಾಣಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಈ ಭಾಗವನ್ನು ಓದಿಕೊಂಡಿದ್ದರೆ ಶಸ್ತ್ರವೈದ್ಯರ ಮಾತು ಸುಲಭವಾಗಿ ತಿಳಿಯುತ್ತದೆ. ಅರಿವಳಿಕೆ ಕೊಟ್ಟು ಎದೆಯ ಮಧ್ಯದ ಮೂಳೆಯನ್ನು ತೆರೆಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ವಹಿಸುತ್ತಾರೆ. ಯಂತ್ರ ಶುರುವಾದ ಕೂಡಲೇ ಶ್ವಾಸಕೋಶದ ಎಡ ಬಲ ಧಮನಿಗಳನ್ನು ಪಟ್ಟಿಯಿಂದ ಬಿಗಿಯುವುದು ಈ ಶಸ್ತ್ರಚಿಕಿತ್ಸೆಯ ವಿಶೇಷ ಎಚ್ಚರಿಕೆ. ಹಾಗೆ ಬಿಗಿಯದಿದ್ದರೆ ಸ್ನಾಯುವಿಗೆ ಸೇರಬೇಕಾದ ರಕ್ತವೂ, ಹೃದಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಕಾಪಾಡುವ ತಣ್ಣನೆಯ ಕಾರ್ಡಿಯೋಪ್ಲೀಜಿಯಾ ದ್ರಾವಣವೂ ಎಡ ಕರೋನರಿಯ ಮೂಲಕ ಶ್ವಾಸಕೋಶಕ್ಕೆ ಹರಿದುಹೋಗುತ್ತದೆ, ಮೊದಲೇ ಬಳಲಿದ ಸ್ನಾಯು ಇನ್ನಷ್ಟು ಹಾಳಾಗುತ್ತದೆ.

ಹೃದಯ ನಿಂತ ಮೇಲೆ ಶ್ವಾಸಕೋಶದ ಧಮನಿಯನ್ನು ತೆರೆದು ಒಳಗಿನಿಂದ ಎಡ ಕರೋನರಿಯ ಬಾಯಿಯನ್ನು ಹುಡುಕುತ್ತಾರೆ. ಆ ಬಾಯಿಯನ್ನಷ್ಟೇ ಕತ್ತರಿಸಿದರೆ ಹೊಲಿಯಲು ಹಿಡಿತ ಸಿಗುವುದಿಲ್ಲ, ಆದ್ದರಿಂದ ಅದರ ಸುತ್ತ ಧಮನಿಯ ಗೋಡೆಯ ಒಂದು ಸಣ್ಣ ಗುಂಡು ತುಣುಕನ್ನೂ ಸೇರಿಸಿ ಬಿಡಿಸುತ್ತಾರೆ. ಶಸ್ತ್ರವೈದ್ಯರು ಇದಕ್ಕೆ "ಗುಂಡಿ" ಎನ್ನುತ್ತಾರೆ, ಆಕಾರವೂ ಅಂಗಿಯ ಗುಂಡಿಯದೇ. ಧಮನಿಯ ಅಗಲ ಕೆಲವೇ ಮಿಲಿಮೀಟರ್ ಇರುವುದರಿಂದ ಹಿಗ್ಗಿಸಿ ತೋರಿಸುವ ಕನ್ನಡಕ ಹಾಕಿಕೊಂಡು, ಕೂದಲಿಗಿಂತ ತೆಳುವಾದ ದಾರದಿಂದ, ಮಹಾಪಧಮನಿಯ ಪಕ್ಕದಲ್ಲಿ ಮಾಡಿದ ಕಿಂಡಿಗೆ ಆ ಗುಂಡಿಯನ್ನು ಸುತ್ತಲೂ ಹೊಲಿಯುತ್ತಾರೆ. ಧಮನಿ ತಿರುಚಿಕೊಳ್ಳಬಾರದು, ಎಳೆದುಕೊಳ್ಳಬಾರದು, ಮಡಿಚಿಕೊಳ್ಳಬಾರದು. ಅದಕ್ಕೆಂದೇ ಸುತ್ತಲಿನ ಅಂಗಾಂಶದಿಂದ ಅದನ್ನು ತಾಳ್ಮೆಯಿಂದ ಬಿಡಿಸಿ ಉದ್ದ ಹೊಂದಿಸುತ್ತಾರೆ. ಶ್ವಾಸಕೋಶದ ಧಮನಿಯಲ್ಲಿ ಉಳಿದ ತೆರಪನ್ನು ಹೆಚ್ಚಾಗಿ ಕೂಸಿನದೇ ಹೃದಯದ ಹೊರಪೊರೆಯ ತುಣುಕಿನಿಂದ ಮುಚ್ಚುತ್ತಾರೆ.

ಕರೋನರಿಯ ಬಾಯಿ ತೀರ ದೂರದಲ್ಲಿದ್ದು ಎಟುಕದಿದ್ದರೆ, ಜಪಾನಿನ ತಾಕೆಯುಚಿ 1979ರಲ್ಲಿ ವಿವರಿಸಿದ ವಿಧಾನದಂತೆ ಶ್ವಾಸಕೋಶದ ಧಮನಿಯ ಒಳಗೇ ಒಂದು ಸುರಂಗ ಕಟ್ಟಿ ಮಹಾಪಧಮನಿಯ ರಕ್ತವನ್ನು ಕರೋನರಿಗೆ ತಲುಪಿಸುತ್ತಾರೆ. ಹಿಂದಿನ ಕಾಲದಲ್ಲಿ ಎಡ ಕರೋನರಿಯ ಬುಡವನ್ನು ಕಟ್ಟಿ ಹಿಮ್ಮುಖ ಹರಿವನ್ನಷ್ಟೇ ನಿಲ್ಲಿಸುತ್ತಿದ್ದರು. ಈಗ ಎರಡು ಕರೋನರಿಗಳೂ ಮಹಾಪಧಮನಿಯಿಂದಲೇ ರಕ್ತ ಪಡೆಯುವಂತೆ ಮಾಡುವುದು ಎಲ್ಲೆಡೆಯ ಗುರಿ. ಸೋರುವ ಮಿಟ್ರಲ್ ಕವಾಟವನ್ನು ಅದೇ ಸಲ ಏಕೆ ರಿಪೇರಿ ಮಾಡಲಿಲ್ಲ ಎಂದು ಹಲವು ತಂದೆಯರು ಕೇಳುತ್ತಾರೆ. ಸ್ನಾಯುವಿಗೆ ರಕ್ತ ಸಿಕ್ಕು ಅದು ಚೇತರಿಸಿಕೊಂಡಂತೆ ಸೋರಿಕೆಯೂ ಬಹುತೇಕ ಕೂಸುಗಳಲ್ಲಿ ತಾನಾಗಿಯೇ ಕಡಿಮೆಯಾಗುವುದರಿಂದ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ.

ಐಸಿಯುವಿನ ದಿನಗಳು

ಇಲ್ಲಿ ನಿಮ್ಮ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಧಮನಿ ಸರಿಯಾದ ಜಾಗ ಸೇರಿದ ಗಳಿಗೆಗೇ ಸ್ನಾಯು ಎದ್ದು ನಿಲ್ಲುವುದಿಲ್ಲ. ಮೊದಲ ಕೆಲವು ದಿನ ಹೃದಯ ಶಸ್ತ್ರಚಿಕಿತ್ಸೆಯ ಮೊದಲಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸೋತಂತೆ ಕಾಣುತ್ತದೆ. ಕೂಸಿನ ಬಾಯಲ್ಲಿ ವೆಂಟಿಲೇಟರಿನ ನಳಿಗೆ, ಎದೆಯಿಂದ ರಕ್ತ ಹೊರಹಾಕುವ ಡ್ರೇನ್, ತಾತ್ಕಾಲಿಕ ಪೇಸ್‌ಮೇಕರಿನ ಸಣ್ಣ ತಂತಿಗಳು ಇರುತ್ತವೆ. ಹೃದಯ ಊದಿಕೊಂಡಿದ್ದರೆ ಎದೆಮೂಳೆಯನ್ನು ಕೂಡಲೇ ಮುಚ್ಚದೆ, ಹೊದಿಕೆ ಹಾಕಿ ಒಂದೆರಡು ದಿನ ಹಾಗೇ ಬಿಡಬಹುದು. ಇದು ಮೊದಲೇ ಯೋಚಿಸಿ ಕೈಗೊಳ್ಳುವ ಕ್ರಮ, ಏನೋ ಕೆಟ್ಟಿತೆಂದು ಭಾವಿಸಬೇಡಿ. ಎಕ್ಮೋ ಹಾಕಬೇಕಾಗಿ ಬಂದರೂ ಈ ರೋಗದಲ್ಲಿ ಅದು ಆಸೆ ಬಿಡುವ ಹಂತವಲ್ಲ, ಸ್ನಾಯುವಿಗೆ ವಿಶ್ರಾಂತಿ ಕೊಟ್ಟು ಚೇತರಿಸಿಕೊಳ್ಳಲು ಸಮಯ ಒದಗಿಸುವ ಆಸರೆ. ಅಪಾಯ ಇಲ್ಲವೆಂದಲ್ಲ, ಶಸ್ತ್ರಚಿಕಿತ್ಸೆಗೆ ಮುನ್ನ ಹೃದಯ ಎಷ್ಟು ಸೋತಿತ್ತೋ ಅಪಾಯವೂ ಅಷ್ಟು ಹೆಚ್ಚು. ಆದರೂ ಅನುಭವವಿರುವ ಕೇಂದ್ರಗಳಲ್ಲಿ ಬಹುಪಾಲು ಕೂಸುಗಳು ಈ ದಿನಗಳನ್ನು ದಾಟಿ ಮನೆಗೆ ಹೋಗುತ್ತವೆ.

ಈ ಅವಧಿಯಲ್ಲಿ ತಾಯಿ ಮಾಡಬಹುದಾದ ದೊಡ್ಡ ಕೆಲಸ ಎಂದರೆ ಎದೆಹಾಲನ್ನು ಎರಡು ಮೂರು ಗಂಟೆಗೊಮ್ಮೆ ಹಿಂಡುತ್ತಿರುವುದು. ಕೂಸು ಕುಡಿಯದಿದ್ದರೂ ಹಾಲು ಬತ್ತದಂತೆ ಅದು ಕಾಯುತ್ತದೆ, ಮತ್ತು ಮೂಗಿನ ನಳಿಗೆಯಿಂದ ಹಾಲು ಕೊಡಲು ಶುರುಮಾಡಿದ ದಿನ ಅದೇ ಹಾಲು ಕೂಸಿಗೆ ಸೇರುತ್ತದೆ.

ಮನೆಗೆ ಬಂದ ಮೇಲೆ

ಎದೆಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಕೂಸನ್ನು ಕಂಕುಳಲ್ಲಿ ಕೈಹಾಕಿ ಎತ್ತಬಾರದು, ಒಂದು ಕೈಯನ್ನು ತಲೆ ಮತ್ತು ಕುತ್ತಿಗೆಯ ಕೆಳಗೆ, ಇನ್ನೊಂದನ್ನು ಕುಂಡಿಯ ಕೆಳಗೆ ಕೊಟ್ಟು ಎತ್ತಬೇಕು. ಅಜ್ಜಿ ಕಾಲುಗಳ ಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ ತಿಕ್ಕಿ, ಬಿಸಿನೀರು ಎರೆಯುವುದನ್ನು ಈ ಅವಧಿಯಲ್ಲಿ ನಿಲ್ಲಿಸಬೇಕು, ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಗಾಯಕ್ಕೆ ಅರಿಶಿನ, ವಿಭೂತಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಎರೆದ ಮೇಲೆ ಹಾಕುವ ಲೋಬಾನದ ಹೊಗೆಯೂ ಬೇಡ. ಗಾಯ ಕೆಂಪಗಾದರೆ, ಕೀವು ಬಂದರೆ, ಕೂಸು ಅತ್ತಾಗ ಮೂಳೆಯ ಬಳಿ ಕಟಕಟ ಸದ್ದು ಬಂದರೆ ಕೂಡಲೇ ತೋರಿಸಿ.

ಔಷಧದ ಬಗ್ಗೆ ವಿಶೇಷ ಎಚ್ಚರ ಬೇಕು. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಹೃದಯದ ಭಾರ ಇಳಿಸುವ ಎನಾಲಪ್ರಿಲ್‌ನಂತಹ ಔಷಧ, ಹಲವು ಕೇಂದ್ರಗಳಲ್ಲಿ ಅತಿ ಕಡಿಮೆ ಪ್ರಮಾಣದ ಆಸ್ಪಿರಿನ್ ಕೆಲವು ತಿಂಗಳು ಇರುತ್ತವೆ. ಹನಿ ಔಷಧವನ್ನು ಚಮಚದಲ್ಲಿ ಅಳೆಯಬಾರದು, 1 ಮಿ.ಲೀ. ಸಿರಿಂಜಿನಲ್ಲೇ ಅಳೆಯಬೇಕು. ಆ ಸಿರಿಂಜಿನ ಮೇಲೆ 0.1, 0.2 ಎಂದು ಗೆರೆಗಳಿರುತ್ತವೆ. ಚೀಟಿಯಲ್ಲಿ 0.4 ಎಂದಿದ್ದರೆ ಸೂಜಿ ತೆಗೆದ ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗಾಳಿಗುಳ್ಳೆ ಹೊರಹಾಕಿ, ಕಪ್ಪು ರಬ್ಬರಿನ ಅಂಚು 0.4ರ ಗೆರೆಗೆ ತಾಗುವಂತೆ ಎಳೆಯಿರಿ. ಚುಕ್ಕೆಯನ್ನು ಕಾಣದೆ 4 ಎಂದು ಓದಿಕೊಂಡರೆ ಕೂಸಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ. ಡಿಸ್ಚಾರ್ಜ್ ಆಗುವ ದಿನ ನರ್ಸಿನ ಎದುರು ನೀವೇ ಅಳೆದು ತೋರಿಸಿ, ಆ ಗೆರೆಗೆ ಒಂದು ಸಣ್ಣ ಅಂಟುಪಟ್ಟಿ ಹಚ್ಚಿಕೊಳ್ಳಿ. ಊರಿನ ಔಷಧದ ಅಂಗಡಿಯಲ್ಲಿ ಬೇರೆ ಕಂಪನಿಯ ಬಾಟಲಿ ಕೊಟ್ಟರೆ ಒಂದು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದು ಬದಲಾಗಿರಬಹುದು, ಹಳೆಯ ಬಾಟಲಿಯ ಜೊತೆ ಹೋಲಿಸದೆ ತರಬೇಡಿ. ಜ್ವರ ಬಂದರೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಐಬುಪ್ರೊಫೆನ್ ಬೇಡ. ವಾಂತಿಭೇದಿ ಶುರುವಾದರೆ ಫ್ಯೂರೋಸೆಮೈಡ್ ಮತ್ತು ಎನಾಲಪ್ರಿಲ್ ಮುಂದುವರಿಸಬೇಕೋ ಬೇಡವೋ ಎಂದು ಅಂದೇ ಫೋನ್ ಮಾಡಿ ಕೇಳಿ, ಏಕೆಂದರೆ ನೀರಿನಂಶ ಕಡಿಮೆಯಾದ ಕೂಸಿನ ಮೂತ್ರಪಿಂಡಕ್ಕೆ ಇವು ತೊಂದರೆ ಕೊಡಬಹುದು. ಆಸ್ಪಿರಿನ್ ತೆಗೆದುಕೊಳ್ಳುವ ಕೂಸಿಗೆ ಫ್ಲೂ ಅಥವಾ ಸಿಡುಬಿನಂತಹ ಗುಳ್ಳೆ ಕಂಡರೂ ಹೀಗೆಯೇ ಕೇಳಬೇಕು.

ಮೊಲೆಗೆ ಬಾಯಿ ಹಚ್ಚಿದ ಕೂಸು ಬೇಗ ದಣಿದರೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒತ್ತಾಯಿಸದೆ, ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ. ತೂಕವನ್ನು ಅಂಗನವಾಡಿಯಲ್ಲಿ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ಹಿಡಿಸಿ ಬರೆದಿಡಿ. ಲಸಿಕೆಗಳನ್ನು ಬಿಡಬಾರದು. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕೊಟ್ಟಿದ್ದರೆ ಒಂಬತ್ತನೆಯ ತಿಂಗಳ ದಡಾರ-ರುಬೆಲ್ಲಾ ಲಸಿಕೆಯನ್ನು ಕೆಲವು ತಿಂಗಳು ಮುಂದೂಡಬೇಕಾಗಬಹುದು, ಯಾವಾಗ ಹಾಕಿಸಬೇಕೆಂದು ಹೃದಯತಜ್ಞರಿಂದ ಬರೆಸಿಕೊಂಡು ಆ ಚೀಟಿಯನ್ನು ಆಶಾ ಕಾರ್ಯಕರ್ತೆಗೆ ತೋರಿಸಿ.

ಮುಂದಿನ ವರ್ಷಗಳು

ಎಡ ಹೃತ್ಕುಕ್ಷಿಯ ಶಕ್ತಿ ಸಾಮಾನ್ಯವಾಗಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಬಹುಮಟ್ಟಿಗೆ ಮರಳುತ್ತದೆ. ಕೂಸು ಚುರುಕಾಗಿ ಅಂಬೆಗಾಲಿಡುತ್ತದೆ, ಮನೆಯವರಿಗೆ ಎಲ್ಲ ಸರಿಹೋಯಿತೆನಿಸುತ್ತದೆ, ಬೆಂಗಳೂರಿನ ತಪಾಸಣೆ ತಪ್ಪುವುದು ಹೆಚ್ಚಾಗಿ ಆ ಹೊತ್ತಿಗೇ. ಹೊಲಿದ ಜಾಗದಲ್ಲಿ ಕರೋನರಿ ಕಿರಿದಾಗುವುದು, ಶ್ವಾಸಕೋಶದ ಧಮನಿ ಕಿರಿದಾಗುವುದು, ಸುರಂಗ ವಿಧಾನವಾಗಿದ್ದರೆ ಸುರಂಗ ಸೋರುವುದು, ಮಿಟ್ರಲ್ ಸೋರಿಕೆ ಉಳಿದುಬಿಡುವುದು, ಇವೆಲ್ಲ ಹೊರಗೆ ಏನೂ ತೋರದೆ ಬೆಳೆಯಬಲ್ಲವು. ಆದ್ದರಿಂದ ತಪಾಸಣೆ ಜೀವನಪೂರ್ತಿ ಇರುತ್ತದೆ. ಪ್ರತಿ ಸಲವೂ ಬೆಂಗಳೂರಿಗೆ ಹೋಗಲಾಗದಿದ್ದರೆ, ನಡುವಿನ ಇಸಿಜಿ ಮತ್ತು ಎಕೋಗಳನ್ನು ಹುಬ್ಬಳ್ಳಿ-ಧಾರವಾಡದಲ್ಲೇ ಮಾಡಿಸಿ ವರದಿ ಕಳಿಸಲು ಸಾಧ್ಯವೇ ಎಂದು ಶಸ್ತ್ರಚಿಕಿತ್ಸೆ ಮಾಡಿದ ಕೇಂದ್ರವನ್ನೇ ಕೇಳಿಕೊಳ್ಳಿ. ಮಗು ಶಾಲೆಗೆ ಸೇರಿದ ಮೇಲೆ ಓಟ, ಕಬಡ್ಡಿ, ಕುಸ್ತಿಯಂತಹ ಸ್ಪರ್ಧೆಗಳಿಗೆ ಇಳಿಸುವ ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಆಟವನ್ನು ಹೆದರಿ ನಿಲ್ಲಿಸುವ ಅಗತ್ಯ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಆಡುವಾಗ ಎದೆನೋವು ಎಂದರೆ, ಎಚ್ಚರ ತಪ್ಪಿದರೆ ಅದನ್ನು ಬಿಸಿಲಿನ ಮೇಲೆ ಹಾಕದೆ ಅಂದೇ ಹೃದಯತಜ್ಞರಿಗೆ ತೋರಿಸಬೇಕು.

ಇನ್ನೊಂದು ಮಗುವಾದರೆ ಅದಕ್ಕೂ ಹೀಗೇ ಆಗುತ್ತದೆಯೇ ಎಂಬ ಭಯ ತಾಯಿಯಲ್ಲಿ ಉಳಿದಿರುತ್ತದೆ. ಅಲ್ಕಾಪಾ ಸಾಮಾನ್ಯವಾಗಿ ವಂಶದಲ್ಲಿ ಹರಿದುಬರುವ ರೋಗವಲ್ಲ, ಗರ್ಭಿಣಿ ಉಂಡದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು ಇದಕ್ಕೆ ಕಾರಣವೂ ಅಲ್ಲ. ಮುಂದಿನ ಗರ್ಭದಲ್ಲಿ 18ರಿಂದ 22ನೆಯ ವಾರದ ನಡುವೆ ಭ್ರೂಣದ ಎಕೋ ಮಾಡಿಸಬಹುದು, ಆದರೆ ಕರೋನರಿಯ ಈ ದೋಷ ಗರ್ಭದಲ್ಲಿ ಕಾಣುವುದು ಬಲು ಅಪರೂಪ. ಆದ್ದರಿಂದ ಹುಟ್ಟಿದ ಕೂಸಿಗೆ ಆರರಿಂದ ಎಂಟು ವಾರವಾದಾಗ ಒಂದು ಇಸಿಜಿ ಮತ್ತು ಎಕೋ ಮಾಡಿಸಿ, ಎರಡೂ ಕರೋನರಿಗಳ ಹುಟ್ಟನ್ನು ವರದಿಯಲ್ಲಿ ಬರೆಸಿಕೊಳ್ಳಿ.